ಲಿಫ್ಟ್ ಬಾಗಿಲಲ್ಲಿ ಹನ್ನೊಂದು ಮಂದಿ

ನಿನ್ನೆ ಸಂಜೆ ಮತ್ತೆ ಲಿಫ್ಟ್‌ನಲ್ಲಿ ಸಿಕ್ಕಿಹಾಕಿಕೊಂಡೆ. ಕರೆಂಟ್ ಹೋಗಿರಲಿಲ್ಲ. ಲಿಫ್ಟ್ ಕೆಟ್ಟಿರಲೂ ಇಲ್ಲ. ಮೂರನೇ ಮಹಡಿಯ ಅಜ್ಜ ಬಾಗಿಲಿಗೆ ಪಾದ ಅಡ್ಡ ಕೊಟ್ಟು ನಿಂತಿದ್ದರು, ಅಷ್ಟೇ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಬಾಯಲ್ಲಿ 1971ರ ಫುಟ್‌ಬಾಲ್ ಫೈನಲ್.

ಅಥೆನ್ಸ್‌ನ ಹಳೇ ಅಪಾರ್ಟ್‌ಮೆಂಟುಗಳ ಲಿಫ್ಟ್ ಹತ್ತಿದವರಿಗೆ ಗೊತ್ತು. ಮೂರು ಜನ ಎಂದು ಬರೆದಿರುತ್ತಾರೆ. ಆ ಮೂವರೂ ಒಂದು ವಾರ ಉಪವಾಸ ಇದ್ದು ಬಂದಿರಬೇಕು. ಹೊರಬಾಗಿಲನ್ನು ಕೈಯಿಂದಲೇ ಎಳೆಯಬೇಕು, ಅದು ಪೂರ್ತಿ ಮುಚ್ಚುವ ತನಕ ಲಿಫ್ಟ್ ಅಲುಗುವುದಿಲ್ಲ. ಹಾಗಾಗಿ ಇಡೀ ಕಟ್ಟಡದ ಓಡಾಟ ಅಜ್ಜನ ಒಂದು ಚಪ್ಪಲಿಯ ಕೈಯಲ್ಲಿದೆ. ಮೇಲಿನಿಂದ ಯಾರೋ ಬಾಗಿಲು ಬಡಿಯುತ್ತಾರೆ. ಕೆಳಗಿನಿಂದ ಯಾರೋ ಕೂಗುತ್ತಾರೆ. ಗದ್ದಲ ಜಾಸ್ತಿಯಾದಷ್ಟೂ ಅಜ್ಜನಿಗೆ ಹುರುಪು ಬರುತ್ತದೆ. ಸ್ಟೇಡಿಯಂ ನೆನಪಾಗುತ್ತದೋ ಏನೋ.

ನಾವಿರುವುದು ಆಂಬೆಲೊಕಿಪಿಯಲ್ಲಿ. ಅಲೆಕ್ಸಾಂಡ್ರಾಸ್ ರಸ್ತೆಗೆ ಬಂದರೆ ಪನಾಥಿನಾಯ್ಕೊಸ್ ಫುಟ್‌ಬಾಲ್ ಕ್ಲಬ್ಬಿನ ಹಳೇ ಸ್ಟೇಡಿಯಂ. 1908ರಲ್ಲಿ ಹುಟ್ಟಿದ ಕ್ಲಬ್ಬು, ಹಸಿರು ಬಣ್ಣ, ಅಂಗಿಯ ಎದೆಯ ಮೇಲೆ ಮೂರೆಲೆಯ ಗುರುತು. ಮನೆ ತೋರಿಸಿದ ಬ್ರೋಕರ್ ಮೆಟ್ರೋ ಹತ್ತಿರ, ಮೆಡಿಕಲ್ ಶಾಪ್ ಹತ್ತಿರ, ಬಾಲ್ಕನಿಗೆ ಬಿಸಿಲು ಬರುತ್ತದೆ ಎಂದೆಲ್ಲ ಹೇಳಿದ. ಅಜ್ಜನ ವಿಷಯ ಮಾತ್ರ ಬಾಯಿ ಬಿಡಲಿಲ್ಲ.

ಆ ಫೈನಲ್ ಆಡಿದವರ ಹೆಸರು ಹೇಳುವ ಅಜ್ಜನ ಪಟ್ಟಿ ಯಾವಾಗಲೂ ಗೋಲ್‌ಕೀಪರ್‌ನಿಂದ ಶುರು. ಇಕೊನೊಮೊಪುಲೋಸ್, ತೊಮಾರಸ್, ವ್ಲಾಹೋಸ್, ಕಾಪ್ಸಿಸ್, ಸೂರ್ಪಿಸ್, ಕಮಾರಸ್, ಎಲೆಫ್ಥೆರಾಕಿಸ್, ಫಿಲಾಕೂರಿಸ್, ಗ್ರಾಮೋಸ್, ದೊಮಾಝೋಸ್, ಅಂತೋನಿಯಾದಿಸ್. ಒಂದು ಹೆಸರು ತಪ್ಪಿದರೆ ಮತ್ತೆ ಇಕೊನೊಮೊಪುಲೋಸ್‌ನಿಂದಲೇ. ಹನ್ನೊಂದು ಜನವೂ ಗ್ರೀಕರು. ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಕಪ್ಪು ಯುರೋಪಿಯನ್ ಕಪ್, ಅದರ ಫೈನಲ್ ಆಡಿದ ಗ್ರೀಕ್ ಕ್ಲಬ್ಬು ಇವತ್ತಿಗೂ ಅದೊಂದೇ. ಜಾಗ ಲಂಡನ್ನಿನ ವೆಂಬ್ಲಿ, ಎದುರಾಳಿ ನೆದರ್‌ಲೆಂಡ್ಸ್‌ನ ಆಯಾಕ್ಸ್. ಈ ಹೆಸರುಗಳು ನನಗೀಗ ಬಾಯಿಪಾಠ. ನಮ್ಮ ಕಡೆಯ ನೆಂಟರ ಮಕ್ಕಳ ಹೆಸರೇ ಅರ್ಧ ಮರೆತಿದೆ, ಸೂರ್ಪಿಸ್ ಮಾತ್ರ ಮರೆಯುತ್ತಿಲ್ಲ.

ನಮ್ಮನೆಯವರು ಜಾಣರು. "ಇಕೊನೊ" ಎಂದು ಕಿವಿಗೆ ಬಿದ್ದ ಕೂಡಲೇ, ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ಮೆಟ್ಟಿಲು ಹತ್ತಿಬಿಡುತ್ತಾರೆ. ಯಾವ ಡಾಕ್ಟರೂ ಹೇಳಿಲ್ಲ. ಐದನೇ ಮಹಡಿಗೆ ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ ಎಂಬುದು ಅವರಿಗೂ ಗೊತ್ತು, ಅಜ್ಜನಿಗೂ ಗೊತ್ತು.

ಕ್ಯಾಪ್ಟನ್ ಮಿಮಿಸ್ ದೊಮಾಝೋಸ್ ಬಂದರೆ ಮುಗಿಯಿತು, ಪಾದ ಇನ್ನೂ ಒಳಕ್ಕೆ ಬರುತ್ತದೆ. ಗಿಡ್ಡ ಆಳು. ಜನ ಕರೆಯುತ್ತಿದ್ದದ್ದು ಜನರಲ್ ಎಂದು. ಲೀಗ್‌ನಲ್ಲಿ 500ಕ್ಕೂ ಹೆಚ್ಚು ಪಂದ್ಯ ಆಡಿದ. ಹೆಸರಾಂತ ಗಾಯಕಿ ವಿಕಿ ಮೊಸ್ಕೊಲಿಯುವನ್ನು ಮದುವೆಯಾಗಿದ್ದ. ನಮ್ಮಲ್ಲೂ ಕ್ರಿಕೆಟಿಗರು ಸಿನಿಮಾ ನಟಿಯರನ್ನು ಮದುವೆಯಾಗುತ್ತಾರೆ ಎಂದೆ. "ಕ್ರಿಕೆಟ್ ಅಂದರೆ ಏನು ಮಗಳೇ?" ಎಂದು ಕೇಳಿದರು. ಎಲ್‌ಬಿಡಬ್ಲ್ಯು ವಿವರಿಸಲು ಹೋದರೆ ಆವತ್ತು ಲಿಫ್ಟ್‌ನಲ್ಲೇ ಮಲಗಬೇಕಾಗುತ್ತದೆ ಎಂದು ಸುಮ್ಮನಾದೆ.

ಆಮೇಲೆ ಅಂತೋನಿಸ್ ಅಂತೋನಿಯಾದಿಸ್. ಇವನು ಉದ್ದ. ಆ ಸಲದ ಯುರೋಪಿಯನ್ ಕಪ್‌ನಲ್ಲಿ 10 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ. ಸೆಮಿಫೈನಲ್‌ನಲ್ಲಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಮೊದಲು ತನ್ನೂರಲ್ಲಿ 4-1ರಿಂದ ಬಡಿದು ಕಳಿಸಿತ್ತು. ಅಥೆನ್ಸ್‌ನಲ್ಲಿ ಪನಾಥಿನಾಯ್ಕೊಸ್ 3-0 ಗೆದ್ದಿತು. ಎರಡು ಅಂತೋನಿಯಾದಿಸ್, ಒಂದು ಕಮಾರಸ್. ಲೆಕ್ಕ ಸಮ, ಆದರೆ ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಆಗ ತೂಕ ಜಾಸ್ತಿ, ಹಾಗಾಗಿ ಬೆಲ್‌ಗ್ರೇಡಿನಲ್ಲಿ ಹೊಡೆದ ಆ ಒಂದು ಗೋಲು ಇವರನ್ನು ಫೈನಲ್‌ಗೆ ದಾಟಿಸಿತು. ಅದು ಹೇಗೆ ಎಂದು ಅಜ್ಜ ಬೆರಳು ಮಡಿಸಿ ಲೆಕ್ಕ ಹೇಳುವಾಗ ನನ್ನ ಹಾಲಿನ ಪ್ಯಾಕೆಟ್ ಬೆಚ್ಚಗಾಗಿರುತ್ತದೆ.

ಇಷ್ಟಾದರೂ ಸಹಿಸಬಹುದಿತ್ತು. ಕಳೆದ ವಾರದ ಸಂತೆಯ ದಿನ ನಡೆದದ್ದೇ ಬೇರೆ. ಎರಡೂ ಕೈಯಲ್ಲಿ ಚೀಲ ಹಿಡಿದು ಬಂದೆ. ಒಂದನ್ನು ಲಿಫ್ಟ್ ಒಳಗಿಟ್ಟು ಇನ್ನೊಂದಕ್ಕೆ ಬಗ್ಗುವಷ್ಟರಲ್ಲಿ ಅಜ್ಜ ಹಾಜರು. ವೆಂಬ್ಲಿಯಲ್ಲಿ ಆಯಾಕ್ಸ್‌ನ ಎರಡನೇ ಗೋಲು ಹೇಗಾಯಿತು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲವಂತೆ. ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ತೋರಿಸಬೇಕು ಎಂದರು. ನೋಡನೋಡುತ್ತಿದ್ದಂತೆ ನನ್ನ ಚೀಲ ಕೆಳಗಿನ ಹಾಲ್‌ನ ಮಾರ್ಬಲ್ ನೆಲದ ಮೇಲೆ ಖಾಲಿಯಾಯಿತು.

ಎಲೆಕೋಸು ಇಕೊನೊಮೊಪುಲೋಸ್. ಸೌತೆಕಾಯಿ ಅಂತೋನಿಯಾದಿಸ್. ನಿಂಬೆಹಣ್ಣು ದೊಮಾಝೋಸ್. ಕಾಪ್ಸಿಸ್‌ಗೆ ಕ್ಯಾಪ್ಸಿಕಂ ಇಟ್ಟು ನಾನೊಬ್ಬಳೇ ನಕ್ಕೆ. ಹನ್ನೊಂದು ತುಂಬಲಿ ಎಂದು ಒಂದು ಟೊಮ್ಯಾಟೊ ನಮ್ಮ ಕಡೆ ಇಡಲು ಹೋದರೆ ಅಜ್ಜ ನನ್ನ ಕೈ ತಡೆದರು. ಕೆಂಪು! ಕೆಂಪು ಎಂದರೆ ಬದ್ಧ ವೈರಿ, ಪಿರೇಯಸ್ ಬಂದರಿನ ಒಲಿಂಪಿಯಾಕೊಸ್ ಕ್ಲಬ್ಬು. ಪನಾಥಿನಾಯ್ಕೊಸ್ ತಂಡದಲ್ಲಿ ಕೆಂಪಗಿನವರು ತರಕಾರಿಯಾಗಿಯೂ ಆಡುವಂತಿಲ್ಲ. ಹಾಗಾಗಿ ಟೊಮ್ಯಾಟೊಗಳೆಲ್ಲ ಆಯಾಕ್ಸ್ ಆದವು. ಅದರಲ್ಲಿ ದಪ್ಪಗಿದ್ದದ್ದು ಅವರ ದೊಡ್ಡ ತಾರೆ ಯೋಹಾನ್ ಕ್ರೈಫ್. ಪನಾಥಿನಾಯ್ಕೊಸ್ ಕೋಚ್ ಪುಷ್ಕಾಶ್‌ಗೆ ಆಲೂಗಡ್ಡೆ ಕೊಟ್ಟೆ. ಅಷ್ಟು ದೊಡ್ಡ ಆಟಗಾರನಿಗೆ ಆಲೂಗಡ್ಡೆಯೇ ಎಂದು ಅಜ್ಜ ಮುಖ ಸಿಂಡರಿಸಿ, ತಮ್ಮ ತಲೆಯ ಟೋಪಿಯನ್ನೇ ತೆಗೆದು ಗೆರೆಯಾಚೆ ಇಟ್ಟರು.

ಐದನೇ ನಿಮಿಷಕ್ಕೆ ಆಯಾಕ್ಸ್‌ನ ಫಾನ್ ಡೈಕ್ ತಲೆಯಿಂದ ಗೋಲು ಹೊಡೆದ. ಅದನ್ನು ಅಜ್ಜ ಬೇಗ ಮುಗಿಸಿದರು. ಅವರಿಗೆ ಬೇಕಿದ್ದದ್ದು 87ನೇ ನಿಮಿಷ. ಅಲ್ಲಿಯ ತನಕ ಪಂದ್ಯ ಕೈಬಿಟ್ಟಿರಲಿಲ್ಲ, ಒಂದು ಗೋಲು ಹೊಡೆದಿದ್ದರೆ ಸಮ. ಆಗ ಆಯಾಕ್ಸ್‌ನ ಆರಿ ಹಾನ್ ಒದ್ದ ಚೆಂಡು ಕಾಪ್ಸಿಸ್‌ಗೆ ತಗುಲಿ ದಿಕ್ಕು ಬದಲಿಸಿ ಒಳಗೆ ಹೋಯಿತು. ಬೆಳ್ಳುಳ್ಳಿಯ ಚೆಂಡನ್ನು ಅಜ್ಜ ಮತ್ತೆ ಮತ್ತೆ ಕ್ಯಾಪ್ಸಿಕಂಗೆ ಬಡಿದು ತೋರಿಸಿದರು. ತಗುಲದಿದ್ದರೆ ಇಕೊನೊಮೊಪುಲೋಸ್ ಹಿಡಿಯುತ್ತಿದ್ದ ಎಂದು ಎಲೆಕೋಸನ್ನು ಹಾರಿಸಿಯೂ ತೋರಿಸಿದರು. ಅದು ಉರುಳಿ ಲೆಟರ್ ಬಾಕ್ಸ್‌ಗಳ ಕೆಳಗೆ ಹೋಯಿತು. ಹುಡುಕಿ ತಂದದ್ದು ನಾನು.

ಅಷ್ಟರಲ್ಲಿ ಫುಡ್ ಡೆಲಿವರಿ ಹುಡುಗ ಬಾಗಿಲು ತಳ್ಳಿಕೊಂಡು ಬಂದ. ಕೈಯಲ್ಲಿ ಪಿಜ್ಜಾ, ಕಣ್ಣು ಮೊಬೈಲಿನಲ್ಲಿ. ಕಾಲಿಟ್ಟದ್ದು ಸೀದಾ ಕ್ರೈಫ್ ಮೇಲೆ. ನೆಲವೆಲ್ಲ ರಸ. ಹುಡುಗ ಗಾಬರಿಯಾಗಿ ಕ್ಷಮಿಸಿ ಎನ್ನುತ್ತಿದ್ದರೆ ಅಜ್ಜ ಹೋಗಿ ಅವನ ಬೆನ್ನು ತಟ್ಟಿದರು. ಇಷ್ಟು ವರ್ಷದ ಮೇಲಾದರೂ ಒಬ್ಬ ಕ್ರೈಫ್‌ನನ್ನು ತಡೆದನಲ್ಲ ಎಂದು! ಈ ಸಂಭ್ರಮದ ನಡುವೆ ಮೇಲಿನವರು ಯಾರೋ ಲಿಫ್ಟ್ ಕರೆಸಿಕೊಂಡರು. ನನ್ನ ಇನ್ನೊಂದು ಚೀಲ, ಅದರೊಳಗಿದ್ದ ಫ್ರೋಜನ್ ಬಟಾಣಿ ಸಮೇತ, ಮಹಡಿ ಮಹಡಿ ಸುತ್ತಿ ಬಂತು. ಮಾರ್ಬಲ್ ಒರೆಸಿದ್ದೂ ನಾನೇ. ಆ ರಾತ್ರಿ ಸಾರು ತೆಳ್ಳಗಿದೆ ಎಂದು ನಮ್ಮನೆಯವರು ಹೇಳಿದಾಗ ನಾನು ಏನೂ ಮಾತಾಡಲಿಲ್ಲ. ಸೌಟು ಮಾತ್ರ ಸ್ವಲ್ಪ ಜೋರಾಗಿ ಇಟ್ಟೆ.

ಬಿಡಿಸಿಕೊಳ್ಳುವ ಉಪಾಯ ಇಲ್ಲದಿಲ್ಲ. ಅದೇ ಕಪ್ಪಿನ 1996ರ ಸೆಮಿಫೈನಲ್ ಎತ್ತಬೇಕು. ಪನಾಥಿನಾಯ್ಕೊಸ್‌ನಲ್ಲಿದ್ದ ಪೋಲೆಂಡಿನ ಕ್ರಿಶ್ತೋಫ್ ವಾರ್ಜಿಹಾ ಅದೇ ಆಯಾಕ್ಸ್ ವಿರುದ್ಧ, ಅವರದೇ ಆಮ್‌ಸ್ಟರ್‌ಡ್ಯಾಮಿನಲ್ಲಿ, ಪಂದ್ಯ ಮುಗಿಯುವ ಹೊತ್ತಿಗೆ ಗೋಲು ಹೊಡೆದು ಗೆಲ್ಲಿಸಿದ. ಆಯಾಕ್ಸ್ ಆಗ ಹಾಲಿ ಚಾಂಪಿಯನ್. ಅಜ್ಜನ ಮುಖ ಅರಳುತ್ತದೆ. ಆಗ ಮೆಲ್ಲಗೆ ಕೇಳಬೇಕು, ಅಥೆನ್ಸ್‌ನಲ್ಲಿ ಎರಡನೇ ಪಂದ್ಯ ಏನಾಯಿತು ಅಂತ. ಏನಾಯಿತು ಎಂದರೆ 3-0 ಸೋಲು. ಅಜ್ಜನಿಗೆ ತಕ್ಷಣ ಒಲೆಯ ಮೇಲಿಟ್ಟ ಕಾಫಿ ನೆನಪಾಗುತ್ತದೆ.

ಇನ್ನೂ ಅವಸರ ಇದ್ದರೆ ನಿಕೊಪೊಲಿಡಿಸ್ ಎನ್ನಬೇಕು. ನರೆತ ತಲೆಯ ಗೋಲ್‌ಕೀಪರ್. 2004ರಲ್ಲಿ ಗ್ರೀಸ್ ಯೂರೋ ಕಪ್ ಗೆದ್ದಾಗ ಗೋಲು ಕಾದವನು. ಪನಾಥಿನಾಯ್ಕೊಸ್‌ನಲ್ಲಿ ಹದಿನೈದು ವರ್ಷ ಇದ್ದು, ಅದೇ ಬೇಸಿಗೆಯಲ್ಲಿ ಹೋಗಿ ಸೇರಿದ್ದು ಎಲ್ಲಿಗೆ? ಒಲಿಂಪಿಯಾಕೊಸ್‌ಗೆ. ಈ ಹೆಸರು ಹೇಳಿದರೆ ಪಾದ ತಾನಾಗಿ ಹಿಂದೆ ಸರಿಯುತ್ತದೆ, ಬಾಗಿಲು ದಡಾರನೆ ಮುಚ್ಚುತ್ತದೆ. ಆದರೆ ಮೂರು ದಿನ ಅಜ್ಜ ನಮಸ್ಕಾರಕ್ಕೂ ಉತ್ತರ ಕೊಡುವುದಿಲ್ಲ. ಹಾಗಾಗಿ ಬಾತ್‌ರೂಮಿಗೆ ಅರ್ಜೆಂಟಾದಾಗ ಮಾತ್ರ ಬಳಸುತ್ತೇನೆ.

2025ರ ಜನವರಿಯಲ್ಲಿ ದೊಮಾಝೋಸ್ ತೀರಿಕೊಂಡ. 83 ವರ್ಷ. ಆವತ್ತು ಸಂಜೆ ಅಜ್ಜ ಕೆಳಗೆ ಲಿಫ್ಟ್ ಹತ್ತಿರ ಇದ್ದರು. ಕೊರಳಲ್ಲಿ ಹಸಿರು ಮಫ್ಲರ್, ಅದರ ಅಂಚು ಬಿಟ್ಟುಕೊಂಡಿತ್ತು. ಲಿಫ್ಟ್ ಬಂತು. ಹತ್ತಿದೆವು. ಬಾಗಿಲು ಮುಚ್ಚಿತು. ಮೂರನೇ ಮಹಡಿಯಲ್ಲಿ ಅವರು ಇಳಿದು ಹೋದರು. ಇಷ್ಟು ಬೇಗ ನಾನು ಯಾವತ್ತೂ ಮನೆ ಸೇರಿರಲಿಲ್ಲ. ಬಾಗಿಲ ಬಳಿ ಬ್ಯಾಗಲ್ಲಿ ಕೀ ಹುಡುಕುತ್ತಾ, ಜನರಲ್ ಬಗ್ಗೆ ನಾನೇ ಒಂದು ಮಾತು ಕೇಳಬೇಕಿತ್ತು ಅನ್ನಿಸಿತು. ಹದಿಹರೆಯದಲ್ಲಿ ಒಬ್ಬನ ಆಟ ನೋಡಿ ಬೆಳೆದವರಿಗೆ ಅವನು ಹೋದ ದಿನ ಯಾರಾದರೂ ಅಷ್ಟು ಕೇಳಬೇಕು, ಅಲ್ವಾ?

ಆ ಕನಿಕರ ಜಾಸ್ತಿ ದಿನ ಉಳಿಯಲಿಲ್ಲ. ಪಾದ ವಾಪಸ್ ಬಂತು, ಇಕೊನೊಮೊಪುಲೋಸ್ ವಾಪಸ್ ಬಂದ.

ನಿನ್ನೆ ಮಾತ್ರ ಒಂದು ಹೊಸ ಸಂಗತಿ ನಡೆಯಿತು. ಅಜ್ಜ ತಪ್ಪು ಮಾಡಲಿ ಎಂದು ಕಾಯುವುದನ್ನು ಬಿಟ್ಟು, ಹನ್ನೊಂದೂ ಹೆಸರನ್ನು ನಾನೇ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅಜ್ಜನ ಕಣ್ಣು ದೊಡ್ಡದಾಯಿತು. ಫುಟ್‌ಬಾಲ್‌ನಲ್ಲಿ ನೀನು ಪಾಸಾದೆ ಮಗಳೇ, ಇನ್ನು ಬ್ಯಾಸ್ಕೆಟ್‌ಬಾಲ್ ಶುರು ಮಾಡೋಣ ಎಂದರು. ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಯುರೋಪಿನ ಫೈನಲ್‌ನಲ್ಲಿ ಸೋತು ಬಂದದ್ದಲ್ಲ, ಏಳು ಸಲ ಕಪ್ ಗೆದ್ದಿದೆ, ಏಳನೆಯದು 2024ರಲ್ಲಿ ಎಂದರು. ಏಳು ಕಪ್, ಏಳು ತಂಡ, ಸಾಲದ್ದಕ್ಕೆ ಬದಲಿ ಆಟಗಾರರು. ಹಿಂದೆ ಅವರು ಆಡುತ್ತಿದ್ದದ್ದು ಸ್ಟೇಡಿಯಂ ಗ್ಯಾಲರಿಯ ಕೆಳಗಿನ ಸಣ್ಣ ಹಾಲ್‌ನಲ್ಲಂತೆ. ಆ ಹಾಲ್‌ಗೆ ಅಥೆನ್ಸ್‌ನವರು ಇಟ್ಟ ಅಡ್ಡಹೆಸರು "ಭಾರತೀಯನ ಸಮಾಧಿ". ಬರುವ ಭಾನುವಾರ ಬಿಡುವು ಮಾಡಿಕೊ, ಖುದ್ದಾಗಿ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ.