ಒಟಿಪಿ ಜೋರಾಗಿ ಹೇಳಿ

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಹೋದರೆ ಈಗ "ಏನು ತೊಂದರೆ?" ಅಂತ ಆಮೇಲೆ ಕೇಳುತ್ತಾರೆ. ಮೊದಲ ಪ್ರಶ್ನೆ, "ಆಭಾ ನಂಬರ್ ಇದೆಯಾ?" ಅದು ನಮ್ಮ ಆರೋಗ್ಯ ದಾಖಲೆಗಳನ್ನೆಲ್ಲ ಜೋಡಿಸುವ ಸರ್ಕಾರದ ಡಿಜಿಟಲ್ ಗುರುತು. ಬಂದಿರುವುದು ನೆಗಡಿಗೆ, ಬೇಕಿರುವುದು 14 ಅಂಕಿ. ಇಲ್ಲವಾದರೆ ಆಧಾರ್ ಕೊಡಿ. ಒಟಿಪಿ ಯಾರಿಗೂ ಹೇಳಬೇಡಿ ಅಂತ ಫೋನಿಗೆ ಮೆಸೇಜ್ ಬರುತ್ತದೆ. ಜೋರಾಗಿ ಹೇಳಿ, ಕೇಳಿಸ್ತಿಲ್ಲ ಅಂತ ಕೌಂಟರಿನಿಂದ ಕೂಗು ಬರುತ್ತದೆ. ಕಾಗದದ ಮೇಲೆ ಇದು ಕಡ್ಡಾಯ ಅಲ್ಲವಂತೆ, ನಮ್ಮ ಇಷ್ಟವಂತೆ. ಹಿಂದೆ ಇಪ್ಪತ್ತು ಜನ ಗೊಣಗುತ್ತಾ ನಿಂತಿರುವಾಗ ಇಷ್ಟ ಎಲ್ಲಿಂದ ಬರಬೇಕು?

ನಮಗಿದು ಹೊಸದಲ್ಲ ಬಿಡಿ. 2020ರ ಮಾರ್ಚ್ ನೆನಪಿದೆಯಲ್ಲ, ಕ್ವಾರಂಟೈನ್ ವಾಚ್ ಆ್ಯಪ್? ಮನೆಯಲ್ಲಿ ಪ್ರತ್ಯೇಕವಾಗಿದ್ದವರು ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ಆಮೇಲೆ ರಜೆ, ಕೊರೊನಾಗೂ ನಿದ್ದೆ ಬೇಕಲ್ವಾ! ನಮ್ಮ ಕರ್ನಾಟಕ ಸರ್ಕಾರಕ್ಕಿದ್ದ ಅಕ್ಕರೆ ನೋಡಿ. ಹೊಸದಾಗಿ ಮದುವೆಯಾದ ಗಂಡ ಕೂಡ ಇಷ್ಟು ಸಲ ಮುಖ ತೋರಿಸು ಅನ್ನುವುದಿಲ್ಲ. ಸೆಲ್ಫಿ ತಪ್ಪಿದರೆ ಸಾಮೂಹಿಕ ಕ್ವಾರಂಟೈನಿಗೆ ಎತ್ತಿಕೊಂಡು ಹೋಗುವ ಎಚ್ಚರಿಕೆ. ಹಾಗಾಗಿ ಸ್ನಾನಕ್ಕೂ ಗಡಿಯಾರ ನೋಡಿಕೊಂಡೇ ಹೋಗಬೇಕು. ಕೈಗೆ ಸೀಲು ಬೇರೆ. ಸಾಲದ್ದಕ್ಕೆ ವಿದೇಶದಿಂದ ಬಂದವರ ಮನೆ ವಿಳಾಸಗಳ ಪಟ್ಟಿಯನ್ನೇ ಸರ್ಕಾರ ಹೊರಗೆ ಬಿಟ್ಟಿತು. ಅದು ವಾಟ್ಸ್ಆ್ಯಪ್ ಗ್ರೂಪುಗಳಿಗೆ ಬರಲು ಎಷ್ಟು ಹೊತ್ತು?

ಬನಿಯನ್ ಹಾಕಿಕೊಂಡು, ನಿದ್ದೆಗಣ್ಣಲ್ಲಿ ತೆಗೆದ ಆ ಫೋಟೋಗಳೆಲ್ಲ ಈಗ ಎಲ್ಲಿವೆ? ಅಳಿಸಿದ್ದರೆ ಹಾಗಂತ ಒಂದು ಮೆಸೇಜ್ ಕಳಿಸಲು ಏನು ಧಾಡಿ?

2023ರಲ್ಲಿ ಕೋವಿನ್, ಅಂದರೆ ಕೊರೊನಾ ಲಸಿಕೆಗೆ ಹೆಸರು ನೋಂದಾಯಿಸಿದ ಪೋರ್ಟಲಿನ ಕಥೆ. ಟೆಲಿಗ್ರಾಂ ಬಾಟ್‌ಗೆ ಫೋನ್ ನಂಬರ್ ಕೊಟ್ಟರೆ ಲಸಿಕೆ ಹಾಕಿಸಿಕೊಂಡವರ ವಿವರ ಬರುತ್ತಿತ್ತು. ಸುದ್ದಿಗೆ ಆಧಾರವೇ ಇಲ್ಲ, ಎಲ್ಲ ಭದ್ರವಾಗಿದೆ ಎಂದಿತು ಆರೋಗ್ಯ ಸಚಿವಾಲಯ. ಆಮೇಲೆ ಬಿಹಾರದಲ್ಲಿ ಒಬ್ಬನನ್ನು ಹಿಡಿದರು. ಅಂದರೆ ಏನೂ ಸೋರಿಲ್ಲ, ಸೋರಿಸಿದ ಆರೋಪಿ ಮಾತ್ರ ಸಿಕ್ಕಿದ್ದಾನೆ.

ಇದಕ್ಕೆ ನಗುವುದೂ ಸಾಕಾಗಿದೆ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಗರ್ಭಪಾತವಾಯಿತು, ಯಾರು ಮನೋವೈದ್ಯರ ಹತ್ತಿರ ಹೋಗುತ್ತಾರೆ ಅನ್ನುವುದನ್ನೆಲ್ಲ ಇವರ ಕೈಗೆ ಕೊಡಬೇಕು. ಕೆಟ್ಟರೆ ಕೇಳಲು ಒಬ್ಬ ಮನುಷ್ಯನೂ ಸಿಗುವುದಿಲ್ಲ.

ಕೊರೊನಾ ಸಂಪರ್ಕ ಪತ್ತೆಗೆ ಬಂದ ಆರೋಗ್ಯ ಸೇತು ಆ್ಯಪ್ ಮಾಡಿದವರು ಯಾರು ಅಂತ ಆರ್‌ಟಿಐನಲ್ಲಿ ಕೇಳಿದ್ದಕ್ಕೆ, ಆ್ಯಪಿನ ಮೇಲೆ ಹೆಸರಿದ್ದ, ಸರ್ಕಾರದ್ದೇ ಐಟಿ ಸಂಸ್ಥೆ ಎನ್‌ಐಸಿಯೇ ಮಾಹಿತಿ ಇಲ್ಲ ಎಂದಿತ್ತು. 2020ರ ಅಕ್ಟೋಬರಿನಲ್ಲಿ ಮಾಹಿತಿ ಆಯೋಗದಿಂದ ಬೈಸಿಕೊಂಡಿತು. ಇನ್ನು ಆ ಫಜೀತಿ ಇಲ್ಲ. ನಮ್ಮ ಡೇಟಾ ಕಾಯಲೆಂದು ತಂದ ಕಾನೂನೇ 2025ರ ನವೆಂಬರಿನಲ್ಲಿ ಆರ್‌ಟಿಐಗೂ ಕತ್ತರಿ ಹಾಕಿದೆ. ಮುಂದಿನ ಸಲ ಯಾರಾದರೂ ಕೇಳಿದರೆ, ಅದು ಅಧಿಕಾರಿಗಳ ಖಾಸಗಿ ಮಾಹಿತಿ ಅಂದರಾಯಿತು.