ಕಿಟಕಿ ಹಲಗೆಯ ಬಿಳಿ ಪುಡಿ

ಮುಂಬೈಯ ಚೆಂಬೂರಿನ ನಮ್ಮ ಮನೆಯಲ್ಲಿ ಬೆಳಗ್ಗೆ ಒರೆಸಿದ ಕಿಟಕಿ ಹಲಗೆ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು. ಮೂರೂ ಕಡೆ ರಿಡೆವಲಪ್‌ಮೆಂಟ್, ಅಂದರೆ ಹಳೇ ಬಿಲ್ಡಿಂಗ್ ಒಡೆದು ಹೊಸದು ಕಟ್ಟುವ ಕೆಲಸ. ಅತ್ತೆಗೆ ದೀಪಾವಳಿ ಹೊತ್ತಿಗೆ ಹಿಡಿದ ಕೆಮ್ಮು ಶಿವರಾತ್ರಿ ಕಳೆದರೂ ಬಿಡಲಿಲ್ಲ. ಕಾರ್ಕಳಕ್ಕೆ ಹೋದರೆ ನಾಲ್ಕೇ ದಿನದಲ್ಲಿ ಕಡಿಮೆ. ವಾಪಸ್ ಬಂದರೆ ಮತ್ತೆ ಇನ್ಹೇಲರ್.

"ನಮಗೆ ಸಮುದ್ರ ಇದೆ ಮಾರಾಯ್ರೆ" ಅಂತ ಡೆಲ್ಲಿಯವರನ್ನು ನೋಡಿ ನಗುತ್ತಿದ್ದೆವು. ಚಳಿಗಾಲದಲ್ಲಿ ಸಮುದ್ರದ ಗಾಳಿಯೂ ಮಂದ, ಹೊಗೆ ಧೂಳು ಇಲ್ಲೇ ಕೂರುತ್ತದೆ. ಹಲಗೆ ಮೇಲೆ ಕಾಣುವುದಕ್ಕಿಂತ ಕಾಣದ ಧೂಳೇ ಕೆಟ್ಟದ್ದು. ಪಿಎಂ 2.5 ಅಂತಾರಲ್ಲ, ಕೂದಲ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಶ್ವಾಸಕೋಶದ ತಳ ಮುಟ್ಟಿ ರಕ್ತಕ್ಕೂ ಸೇರುತ್ತದೆ. ಬರೀ ಕೆಮ್ಮಲ್ಲ, ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ಗೂ ಅದೇ ದಾರಿ. ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 40!

ಕಾನೂನಿಂದ ಏನಾಗುತ್ತೆ ಅನ್ನುವವರಿಗೆ ಹಳೇ ಟ್ಯಾಕ್ಸಿ ನೆನಪಿದೆಯಾ? ಸಿಗ್ನಲ್ಲಿನಲ್ಲಿ ಮುಖಕ್ಕೇ ಕರಿಹೊಗೆ. ದಾದರಿಗೆ ಹೋಗಿ ಬಂದರೆ ಕರ್ಚೀಫ್ ಕಪ್ಪು. 1999ರಲ್ಲಿ ಕೆಲವರು ಬಾಂಬೆ ಹೈಕೋರ್ಟಿಗೆ ಹೋದರು. ಹಳೇ ಟ್ಯಾಕ್ಸಿ ಸಿಎನ್‌ಜಿಗೆ ಬರಬೇಕು, ಇಲ್ಲಾ ರಸ್ತೆ ಬಿಡಬೇಕು ಅಂತಾಯಿತು. 2000ದಲ್ಲಿ ಪೆಟ್ರೋಲಿನ ಸೀಸವೂ ಹೋಯಿತು. ಯಾರೂ ಒಳ್ಳೇ ಮನಸ್ಸಿಂದ ಮಾಡಿದ್ದಲ್ಲ, ಮಾಡಲೇಬೇಕಾಯಿತು.

2025ರ ಜನವರಿಯಲ್ಲಿ ಹೈಕೋರ್ಟ್, ಕಟ್ಟಿಗೆ ಕಲ್ಲಿದ್ದಲಿನ ಬೇಕರಿ ಭಟ್ಟಿಗಳು ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬರಬೇಕು ಅಂತ ಆರು ತಿಂಗಳ ಗಡುವು ಕೊಟ್ಟಿತು. ಸರಿಯೇ. ಆದರೆ ಪಾವ್ ಬೇಯಿಸಿ ನಾಲ್ಕು ಕಾಸು ನೋಡುವವನಿಗೆ ಗ್ಯಾಸ್ ಒಲೆಗೆ ಸ್ವಲ್ಪ ದುಡ್ಡೂ ಕೊಡಬೇಕಿತ್ತು ಅನ್ನೋದು ನನ್ನ ವಾದ. ಬಿಲ್ಡರ್‌ಗಳಿಗೂ 2023ರ ನಿಯಮ ಇದೆ: ಸುತ್ತ ಕನಿಷ್ಠ 25 ಅಡಿ ತಗಡು, ಒಡೆಯುವಾಗ ಒದ್ದೆ ಹಸಿರು ಬಟ್ಟೆ, ನೀರು. ನಮ್ಮ ಪಕ್ಕದ ಸೈಟಿನಲ್ಲಿ ತಗಡೇನೋ ಇದೆ, ಬಿಲ್ಡರ್ ಜಾಹೀರಾತಿಗೆ ಬೇಕಲ್ಲ. ನೀರು ಹೊಡೆದದ್ದನ್ನು ಮಾತ್ರ ನಾನು ಕಂಡಿಲ್ಲ.

ಹೋದ ಭಾನುವಾರ ನಮ್ಮದೇ ಸೊಸೈಟಿ ಮೀಟಿಂಗ್. ಹೌದು, ನಮ್ಮ ಬಿಲ್ಡಿಂಗೂ ಒಡೆಯಲಿಕ್ಕಿದೆ. ಎರಡು ಗಂಟೆ ಕಾರ್ಪೆಟ್ ಏರಿಯಾ, ಬಾಡಿಗೆ, ಪಾರ್ಕಿಂಗ್. ಹಸಿರು ಬಟ್ಟೆ, ನೀರಿನ ವಿಷಯ ಅಗ್ರಿಮೆಂಟಲ್ಲೇ ಬರೆಸೋಣ ಅಂದೆ. "ಆಗ ನಾವು ಇಲ್ಲಿ ಇರೋದೇ ಇಲ್ಲ ಅಲ್ವಾ?" ಅಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ಸುಮ್ನೆ ನಕ್ಕುಬಿಟ್ಟೆ, ಅದೇ ಈಗ ಚುಚ್ಚುತ್ತಿದೆ. ಮುಂದಿನ ತಿಂಗಳು ಮತ್ತೆ ಮೀಟಿಂಗ್ ಇದೆ. ಈ ಸಲ ಕಾಗದದಲ್ಲಿ ಬರೆದುಕೊಂಡೇ ಹೋಗುತ್ತೇನೆ.