ಎ.ಕೆ.ಎ. ಗುಂಡ

ಅಭಿನಂದನಾ ಲೇಖನ ಅಂದುಕೊಳ್ಳಿ. ನಾಲ್ಕು ಪುಟ, ಅಚ್ಚಗನ್ನಡ. ನಡುವೆ ಇದ್ದಕ್ಕಿದ್ದಂತೆ ಒಂದು ಸಾಲು: ‘ಸನ್ಮಾನ್ಯರು, ಫಾಂಡ್ಲಿ ಕಾಲ್ಡ್ ಆ್ಯಸ್ ಗುಂಡ...’

ಆ ಹೆಸರು ಇಟ್ಟವಳು ಅವರ ಅಕ್ಕ. ಮಗು ಗುಂಡಗಿತ್ತು, ಗುಂಡ ಅಂದಳು. ಅಷ್ಟೇ ಕಥೆ. ಅಡುಗೆಮನೆಯಿಂದ ಕೂಗಿದರೆ ಬೀದಿ ತುದಿಗೆ ಕೇಳುವ ಹೆಸರು ಅದು. ಈಗ ಕಾಗದದ ಮೇಲೆ ಬರಬೇಕಾದರೆ ಮುಂದೆ ಮೂರು ಇಂಗ್ಲಿಷ್ ಪದಗಳ ಬೆಂಗಾವಲು ಬೇಕು, ಮಂತ್ರಿಗಳಿಗೆ ಇದ್ದ ಹಾಗೆ.

ಇಂಗ್ಲಿಷ್ ಬೇಡ ಅನ್ನುವವರು ಇನ್ನೂ ಜೋರು. ‘ಪ್ರೀತಿಯಿಂದ ಗುಂಡ ಎಂದು ಕರೆಯಲ್ಪಡುವ’ ಅಂತ ಬರೆಯುತ್ತಾರೆ. ಅಂದರೆ ಗುಂಡನನ್ನು ಯಾರೂ ಕರೆಯುವುದಿಲ್ಲ, ಅವನು ಕರೆಯಲ್ಪಡುತ್ತಾನೆ! ಪ್ರೀತಿಯಿಂದ ಅಂತ ಬೇರೆ ಹೇಳಬೇಕಾ? ಸಿಟ್ಟು ಬಂದಾಗಲೇ ಅಲ್ವಾ ಮನೆಯವರು ಪೂರ್ತಿ ಹೆಸರು ಹಿಡಿದು ಕೂಗುವುದು!

‘ಅಲಿಯಾಸ್’ ಬಳಸುವವರೂ ಇದ್ದಾರೆ. ಲ್ಯಾಟಿನ್ನಿನಲ್ಲಿ ಪಾಪ ಅದು ಸಾಧು ಪದ, ‘ಇನ್ನೊಂದು ಬಗೆಯಲ್ಲಿ’ ಅಂತ ಅರ್ಥ. ನಮಗೆ ಪರಿಚಯವಾದದ್ದು ಮಾತ್ರ ಕ್ರೈಮ್ ಸುದ್ದಿಯಿಂದ. ‘ಅಲಿಯಾಸ್ ಗುಂಡ’ ಅಂತ ಓದಿದರೆ, ಸನ್ಮಾನಕ್ಕೆ ಜಾಮೀನು ಸಿಕ್ಕಿದೆಯಾ ಅನ್ನುವ ಚಿಂತೆ.

ಇನ್ನು ಆ ‘ಕಾಲ್ಡ್ ಆ್ಯಸ್’ ನೋಡಿ. ಇಂಗ್ಲಿಷಿನಲ್ಲಿ ಅಲ್ಲಿ ‘ಆ್ಯಸ್’ ಬೇಕಾಗಿಯೇ ಇಲ್ಲ. ಮತ್ತೆ ಎಲ್ಲಿಂದ ಬಂತು? ‘ಗುಂಡ ಅಂತ ಕರೀತಾರೆ’ ಅನ್ನುವ ನಮ್ಮ ‘ಅಂತ’, ಸೂಟು ಹಾಕಿಕೊಂಡು ನುಸುಳಿದೆ! ಕನ್ನಡವನ್ನು ಬಾಗಿಲಲ್ಲಿ ತಡೆದರೆ ಕಿಟಕಿಯಿಂದ ಬಂತು.

ಇಂಗ್ಲಿಷಿನವರ ‘ನಿಕ್‌ನೇಮ್’ ಪದವೂ ಏನು ಶಿಸ್ತಿನದಲ್ಲ. ಮೊದಲು ಅದು ‘ಈಕ್‌ನೇಮ್’ ಆಗಿತ್ತು, ಅಂದರೆ ಹೆಚ್ಚುವರಿ ಹೆಸರು. ಹಿಂದಿನ ‘ಆ್ಯನ್’ನಿಂದ ಒಂದು ‘ನ್’ ಜಾರಿ ಅಂಟಿಕೊಂಡಿತು. ನಾಲಗೆ ಮಾಡಿದ ಕೆಲಸ. ನಮ್ಮಲ್ಲೂ ಕೃಷ್ಣ ಕಿಟ್ಟಿಯಾದದ್ದು, ನಾರಾಯಣ ನಾಣಿಯಾದದ್ದು, ಲಕ್ಷ್ಮಿ ಲಚ್ಚಿಯಾದದ್ದು ಹೀಗೇ. ಅಕ್ಷರ ಮುರಿದದ್ದೇ ಮುದ್ದಿನಿಂದ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ಮುತ್ತುರಾಜ ರಾಜ್‌ಕುಮಾರ್ ಆದರು. ಆಮೇಲೆ ಜನ ಸುಮ್ನೆ ‘ಅಣ್ಣಾವ್ರು’ ಅಂದರು. ಯಾವ ಇಂಗ್ಲಿಷ್ ಪದದ ಶಿಫಾರಸೂ ಬೇಕಾಗಲಿಲ್ಲ.

‘ಮನೆಯವರಿಗೆಲ್ಲ ಗುಂಡ’ ಅಂತ ಬರೆದರೆ ಮುಗಿಯಿತು. ಆದರೆ ನಮ್ಮ ಲೇಖಕರು ಕೊನೆಯ ಪುಟದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಎ.ಕೆ.ಎ. ಗುಂಡ’ ಅಂತ ಬರೆದುಬಿಟ್ಟಿದ್ದಾರೆ. ‘ಆಲ್ಸೋ ನೋನ್ ಆ್ಯಸ್’ ಅನ್ನುವುದರ ಮೊಟಕು ರೂಪ ಅದು, ಅಂದರೆ ಹೀಗೂ ಕರೀತಾರೆ ಅಂತ. ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಾಗ ಅಕ್ಕ ಕನ್ನಡಕ ಸರಿಮಾಡಿಕೊಂಡು ಕೇಳಿದಳು, “ಅಲ್ಲಾ ಕಣೇ, ನಮ್ಮ ಗುಂಡನ ಇನಿಶಿಯಲ್ ಯಾವಾಗ ಬದಲಾಯ್ತು?”